ಅಕ್ಕನ ನೋವಿಗೆ ಒಂದು ಉಸಿರು

ಭಾನುವಾರ ಬೆಳಿಗ್ಗೆ ಕೃಷ್ಣಮೂರ್ತಿಪುರಂನ ಮನೆಯೊಂದರ ಮಹಡಿಯಲ್ಲಿ ಟಿಬೆಟನ್ ಬೌದ್ಧಧರ್ಮದ ತರಗತಿ ನಡೆಯುತ್ತಿತ್ತು. ನಾನು ಸೇರಿದ್ದು ಧರ್ಮದ ಹಸಿವಿನಿಂದಲ್ಲ, ಭಾನುವಾರವನ್ನು ಒಬ್ಬಳೇ ಕಳೆಯಲಾರದೆ. ಮೇಟಗಳ್ಳಿಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಆರು ದಿನ ಮುನ್ನೂರು ಜನರಿಗೆ ಅಡುಗೆ ಮಾಡಿಸುತ್ತೇನೆ. ಏಳನೆಯ ದಿನ ಒಬ್ಬಳಿಗೆ ಅನ್ನಕ್ಕಿಡಲು ಅಳತೆ ಸಿಗುವುದಿಲ್ಲ.

ಕಲಿಸುತ್ತಿದ್ದವರು ಬೈಲಕುಪ್ಪೆಯಲ್ಲೇ ಹುಟ್ಟಿ ಬೆಳೆದ ಭಿಕ್ಷು. ಅವರ ಕನ್ನಡದಲ್ಲಿ ಪಿರಿಯಾಪಟ್ಟಣದ ಸಂತೆಯ ಧಾಟಿ ಇತ್ತು. ಎಲ್ಲವೂ ಬದಲಾಗುತ್ತದೆ, 'ನಾನು' ಎಂಬುದು ಗಟ್ಟಿ ವಸ್ತುವಲ್ಲ, ಅದನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದಲೇ ದುಃಖ ಎಂಬುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ತಲೆಯಾಡಿಸಿದ್ದೆ. ತೊಡಕು ಬಂದದ್ದು ಐದನೆಯ ವಾರ, ಟೊಂಗ್ಲೆನ್ ಎಂಬ ಧ್ಯಾನದಲ್ಲಿ. ನಮಗೆ ಬೇಕಾದವರೊಬ್ಬರನ್ನು ನೆನೆದು, ಉಸಿರು ಎಳೆದುಕೊಳ್ಳುವಾಗ ಅವರ ನೋವನ್ನು ಕಪ್ಪು ಹೊಗೆಯಂತೆ ಒಳಗೆ ತೆಗೆದುಕೊಳ್ಳಬೇಕು. ಆ ಹೊಗೆ ತಾಗಿ ನಮ್ಮೊಳಗಿನ ಸ್ವಾರ್ಥ ಕರಗಬೇಕು. ಉಸಿರು ಬಿಡುವಾಗ ನಮ್ಮ ನೆಮ್ಮದಿಯನ್ನು ಅವರಿಗೆ ಕೊಡಬೇಕು.

ನನಗೆ ಬೇಕಾದವಳೆಂದರೆ ರಾಜೀವನಗರದ ಅಕ್ಕ. ಅವಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್. ಊದಿದ ಅವಳ ಕಾಲು ಕಣ್ಣ ಮುಂದೆ ಬಂತು. ಉಸಿರೆಳೆಯಲು ಹೋದವಳು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಕಾಯಿಲೆ ನಿಜವಾಗಿಯೂ ಬಂದುಬಿಟ್ಟರೆ? ಇನ್ನೊಬ್ಬರ ರೋಗವನ್ನು ಬೇಡಿಕೊಂಡರೆ ನಮ್ಮ ಮೈಗೇ ಬರುತ್ತದೆಂದು ನಂಬಿದ ಮನೆಯಲ್ಲಿ ಬೆಳೆದವಳು ನಾನು. ಅಕ್ಕನಿಗೆ ಭಾವ ಇದ್ದಾರೆ, ಸೊಸೆ ಇದ್ದಾಳೆ. ನನ್ನನ್ನು ಆಸ್ಪತ್ರೆಗೆ ಕರೆದೊಯ್ಯುವವರು ಯಾರು? ಸುತ್ತಲಿನವರೆಲ್ಲ ಕಣ್ಣು ಮುಚ್ಚಿ ಆಳವಾಗಿ ಉಸಿರಾಡುತ್ತಿದ್ದರು. ನಾನು ಸುಮ್ಮನೆ ಎದೆ ಏರಿಸಿ ಇಳಿಸಿದೆ.

ಎಲ್ಲರೂ ಹೋದ ಮೇಲೆ ಭಿಕ್ಷುವಿನ ಬಳಿ ಒಪ್ಪಿಕೊಂಡೆ. ಕಾಯಿಲೆ ಹಾಗೆಲ್ಲ ಬರುವುದಿಲ್ಲ ಎಂದರು. ಆದರೂ ಹೆದರಿಕೆಯಿದ್ದರೆ ನಮ್ಮಿಂದಲೇ ಶುರುಮಾಡುವ ಪದ್ಧತಿ ಇದೆಯಂತೆ.

"ದಿನಾ ಸಂಜೆ ನಿಮಗೇನು ಕಷ್ಟ ಬತ್ತದೆ ಅಂತ ಗೊತ್ತಲ್ವಾ ಅಮ್ಮ? ಅದನ್ನ ಬೆಳಿಗ್ಗೆನೇ ತಗೊಂಬುಡಿ. ಅಕ್ಕ ಆಮೇಲೆ."

ಗೊತ್ತಿತ್ತು. ಬಸ್ಸಿಳಿದು ಬಂದು, ಬೀಗ ತೆಗೆದು, ಲೈಟು ಹಾಕದೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಲ್ಲುವ ಐದು ನಿಮಿಷ. ಮರುದಿನದಿಂದ ಲಿಂಗಪೂಜೆ ಮುಗಿಸಿ, ಅದೇ ಮಣೆಯ ಮೇಲೆ ಕುಳಿತು, ಸಂಜೆ ಹಾಗೆ ನಿಲ್ಲಲಿರುವ ಹೆಂಗಸನ್ನು ನೆನೆದು ಉಸಿರೆಳೆಯತೊಡಗಿದೆ. ಐದು ನಿಮಿಷ ಐದು ನಿಮಿಷವಾಗಿಯೇ ಉಳಿಯಿತು. ಆದರೆ ಅಲ್ಲಿ ನಿಂತಾಗ, ಬೆಳಿಗ್ಗೆ ಯಾರೋ ನನ್ನನ್ನು ನೆನೆಸಿಕೊಂಡಿದ್ದರು ಅನ್ನಿಸುತ್ತಿತ್ತು.

ಎರಡು ತಿಂಗಳ ಮೇಲೆ, ಡಯಾಲಿಸಿಸ್ ಮುಗಿದ ಒಂದು ಮಧ್ಯಾಹ್ನ, ಅಕ್ಕನ ಮನೆಗೆ ಹೋದೆ. ಧ್ಯಾನದ ವಿಷಯ ಹೇಳಿದೆ. ನನ್ನ ಹೆದರಿಕೆಯ ಮಾತೆತ್ತಲಿಲ್ಲ.

"ನಂದೆಲ್ಲಾ ನೀನ್ ತಗೊಂಡ್ಬುಟ್ರೆ ನಾನ್ ಯಾವ ನೆವ ಹೇಳಿ ಸೊಸೆ ಕೈಲಿ ಕಾಲು ಒತ್ತಿಸ್ಕೊಳ್ಲಿ?" ಎಂದು ನಕ್ಕಳು. ಆಮೇಲೆ ನನ್ನ ಕೈ ಹಿಡಿದು, "ಬ್ಯಾಡ ಕಣೆ. ನಿಂಗ್ಯಾರವ್ರೆ?" ಅಂದಳು.

ಮಾತಾಡುತ್ತಲೇ ಅವಳಿಗೆ ನಿದ್ದೆ ಬಂತು. ಮಂಚದ ತುದಿಯಲ್ಲಿ ಕುಳಿತು ಒಂದು ಉಸಿರನ್ನು ಪೂರ್ತಿ ಎಳೆದುಕೊಂಡೆ. ಹೆದರಿಕೆ ಇನ್ನೂ ಇತ್ತು. ಬಿಡುವಾಗ, ಕೊಡಲು ನನ್ನಲ್ಲಿ ಏನಿದೆ ಎಂದು ಹುಡುಕಿದೆ. ಅವಳಿಗೆ ನೀರನ್ನೂ ಅಳೆದು ಕೊಡುತ್ತಾರೆ. ಬಾಯಾರಿದಾಗ ಲೋಟ ತುಂಬ ನೀರು ಕುಡಿಯುವ ಸುಖ ನನಗಿತ್ತು. ಅದನ್ನು ಕೊಟ್ಟೆ.