ಜಿಪ್ಪಕ್ಕನ ಮನೆಗೆ ಬಂದ ತಾಯಿ

ಜೈಲಿನ ದೊಡ್ಡ ಗೇಟಿನ ಎದುರಿಗೆ, ರಸ್ತೆಯ ಈಚೆ ಬದಿಯಲ್ಲಿ ಒಂದೇ ಷಟರಿನ ಪುಟ್ಟ ಅಂಗಡಿ. ಅರ್ಧ ಜಾಗದಲ್ಲಿ ಹೊಲಿಗೆ ಮೆಷಿನ್ನು, ಇನ್ನರ್ಧದಲ್ಲಿ ಕೀಲಿಕೈ ಕೊರೆಯುವ ಯಂತ್ರ. ಹೊಲಿಗೆ ಹೆಂಡತಿಯದು, ಕೀಲಿಕೈ ಗಂಡನದು. ಹೊಸ ಬಟ್ಟೆ ಹರಡಿ ಕತ್ತರಿಸುವಷ್ಟು ಜಾಗವಿಲ್ಲದ್ದರಿಂದ ಆಕೆ ಮಾಡುತ್ತಿದ್ದದ್ದೆಲ್ಲ ರಿಪೇರಿ ಕೆಲಸ, ಅದರಲ್ಲೂ ಹೆಚ್ಚಾಗಿ ಜಿಪ್ಪು ಬದಲಿಸುವುದು. ಹಾಗಾಗಿ ಇಡೀ ಬೀದಿಗೆ ಆಕೆ ಜಿಪ್ಪಕ್ಕ. ಚರ್ಚಿನಲ್ಲಿ ಪಾಸ್ಟರು ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೇ ಕರೆದು ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಗಂಡನಿಗೆ ಒಂದು ಹಳೇ ಜೋಕಿತ್ತು. "ಜೈಲಿನ ಎದುರಿಗೇ ಕೀಲಿಕೈ ಅಂಗಡಿ ಇಟ್ಟವನು ಇಡೀ ದೇಶದಲ್ಲಿ ನಾನೊಬ್ಬನೇ. ಆದರೂ ನೋಡಿ, ಒಳಗಿನವರು ಯಾರೂ ಇನ್ನೂ ಗಿರಾಕಿ ಆಗಿಲ್ಲ" ಎಂದು ಹೊಸಬರಿಗೆಲ್ಲ ಹೇಳಿ ತಾನೇ ನಗುತ್ತಿದ್ದ.

ಒಳಗಿರುವವರನ್ನು ನೋಡಲು ಬರುವವರು ಚೀಲ, ಫೋನು, ಕೊಡೆ ಯಾವುದನ್ನೂ ಗೇಟು ದಾಟಿಸುವಂತಿರಲಿಲ್ಲ. ಮೊದಲೆಲ್ಲ ಜನ ಬೇಲಿಯ ಸಂದಿಯಲ್ಲಿ ಮುಚ್ಚಿಟ್ಟು ಹೋಗಿ, ವಾಪಸು ಬಂದಾಗ ಕಾಣದೆ ಗೋಳಾಡುತ್ತಿದ್ದರು. ಜಿಪ್ಪಕ್ಕ ಗೋಡೆಗೆ ಸಾಲಾಗಿ ಮೊಳೆ ಹೊಡೆಸಿ ಎಲ್ಲರ ಚೀಲಗಳನ್ನೂ ಅಲ್ಲಿ ತೂಗುಹಾಕತೊಡಗಿದಳು. ಪಕ್ಕದ ಟೀ ಅಂಗಡಿಯವನು, "ಪುಕ್ಕಟೆ ಯಾಕಕ್ಕ? ಏನಾದ್ರೂ ತಗೋ" ಎಂದಾಗ, "ಚೀಲ ಹಿಡ್ಕೊಂಡಿರೋಕೆ ಗೋಡೆಗೇನು ಕೈ ನೋಯುತ್ತಾ?" ಎಂದುಬಿಟ್ಟಿದ್ದಳು. ಗಂಡನ ಹತ್ತಿರ ಮಾತ್ರ ಒಮ್ಮೆ ಮನಸ್ಸಿನಲ್ಲಿದ್ದದ್ದನ್ನು ಹೇಳಿದ್ದಳು: "ಯೇಸುಸ್ವಾಮಿಯನ್ನೂ ಹಿಡ್ಕೊಂಡು ಹೋಗಿದ್ರಲ್ಲ ರೀ. ಅವತ್ತು ಅವರಮ್ಮ ಹೊರಗೆ ಕಾಯ್ತಾ ನಿಂತಿದ್ದಾಗ, ಅವರ ಚೀಲ ಯಾರು ಇಟ್ಕೊಂಡಿದ್ರೋ ಏನೋ."

ಚಳಿಗಾಲದ ಒಂದು ಮಧ್ಯಾಹ್ನ ವಯಸ್ಸಾದ ತಾಯಿಯೊಬ್ಬಳು ಬಂದಳು. ರೈಲಿಳಿದು, ಬಸ್ಸು ಬದಲಿಸಿ, ಕೇಳಿಕೊಂಡು ಕೇಳಿಕೊಂಡು ಬಂದಿದ್ದಳು. ಆದರೆ ಅಂದು ಭೇಟಿಯ ದಿನವಲ್ಲ. ಕಾವಲಿನವನು ಶನಿವಾರ ಬನ್ನಿ ಎಂದು ಕಳಿಸಿದ. ಆಕೆ ರಸ್ತೆ ದಾಟಿ ಬಂದು ಅಂಗಡಿಯ ಬೆಂಚಿನ ತುದಿಯಲ್ಲಿ ಕೂತಳು. ಟೀ ಕೊಟ್ಟರೆ ಕುಡಿದಳು. ಅಂಗಡಿ ಮುಚ್ಚುವ ಹೊತ್ತಾದರೂ ಏಳಲಿಲ್ಲ.

"ಅಮ್ಮ, ಎಲ್ಲಿ ಉಳ್ಕೊಂಡಿದೀರಿ?" ಎಂದು ಜಿಪ್ಪಕ್ಕ ಕೇಳಿದಳು.

"ಇಲ್ಲೇ ಇರ್ತೀನಮ್ಮ, ಶನಿವಾರದವರೆಗೆ. ಬೆಂಚು ಹೊರಗೇ ಇರುತ್ತಲ್ಲ? ನಿಮಗೆ ಅಡ್ಡ ಆಗಲ್ಲ."

ಜಿಪ್ಪಕ್ಕ ಗಂಡನ ಮುಖ ನೋಡಿದಳು. ಗಂಡ ಸೂರು ನೋಡಿದ. ಆ ನೋಟದ ಅರ್ಥ ಅವನಿಗೆ ಗೊತ್ತಿಲ್ಲದ್ದೇನಲ್ಲ. ಷಟರ್ ಎಳೆಯುತ್ತಲೇ, "ನಮ್ಮಮ್ಮನ ರೂಮಲ್ಲಿ ಮಡಚೋ ಮಂಚ ಹಿಡಿಯುತ್ತೆ ಕಣೇ. ಬೀರು ಸ್ವಲ್ಪ ಸರಿಸಬೇಕಾಗುತ್ತೆ" ಎಂದ.

ಮನೆಯಲ್ಲಿದ್ದದ್ದು ಎರಡು ರೂಮು. ಒಂದು ಗಂಡಹೆಂಡಿರದು, ಇನ್ನೊಂದು ಅತ್ತೆಯದು. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು. ಬಂದವರನ್ನು ಮೇಲಿಂದ ಕೆಳಗೆ ನೋಡಿ, ಗುಟ್ಟು ಎಂದುಕೊಂಡು ಬೀದಿಗೆಲ್ಲ ಕೇಳಿಸುವಂತೆ, "ಇವತ್ತು ಜೈಲಿನವನ ತಾಯಿ. ನಾಳೆ ಜೈಲನ್ನೇ ಎತ್ಕೊಂಡು ಬಂದು ಅಡುಗೆಮನೇಲಿ ಇಡ್ತೀಯೇನೇ?" ಎಂದಳು. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ಬಂದಾಕೆ ಗಾಜಿನ ಬಾಟಲಿ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಒಡಕು ಬಾಟಲಿ ಆರಿಸುವ ಕೆಲಸ ಮಾಡಿದವಳು. ಯಂತ್ರಗಳ ಸದ್ದಿನಲ್ಲಿ ಕೂಗಿ ಮಾತಾಡಿಯೇ ಅಭ್ಯಾಸ. ಅತ್ತೆಗೆ ಎಷ್ಟೋ ವರ್ಷಗಳ ಮೇಲೆ, ಮುಖ ಸಿಂಡರಿಸದೆ ಗಟ್ಟಿಯಾಗಿ ಮಾತಾಡುವವರು ಒಬ್ಬರು ಸಿಕ್ಕಿದ್ದರು. ಇಬ್ಬರೂ ರೇಡಿಯೋ ಮುಂದೆ ಕೂತು, ರೇಡಿಯೋಗಿಂತ ಜೋರಾಗಿ ಹರಟುತ್ತಿದ್ದರು.

ಶನಿವಾರ ಆಕೆ ಬೇಗ ಎದ್ದು ತಲೆ ಬಾಚಿಕೊಂಡಳು. ಅತ್ತೆಯೇ ತನ್ನ ಒಳ್ಳೆಯ ಶಾಲು ತೆಗೆದು ಹೊದಿಸಿದಳು. ಆ ತಾಯಿ ಗೇಟು ತೆರೆಯುವ ಮೊದಲೇ ಹೋಗಿ ನಿಂತಳು. ಒಳಗೆ ಹೋದವಳು, ಜಿಪ್ಪಕ್ಕ ಒಂದು ಪ್ಯಾಂಟಿನ ಹಳೇ ಜಿಪ್ಪು ಬಿಚ್ಚುವಷ್ಟರಲ್ಲಿ ತಿರುಗಿ ಬಂದಳು.

"ಅವನು ಬರಲ್ವಂತೆ. ಒಳಗೆ ಹೋಗಿ ಕೇಳ್ಕೊಂಡು ಬಂದ್ರು. ನೋಡೋಕೆ ಇಷ್ಟ ಇಲ್ಲ ಅಂದನಂತೆ."

ಮುಂದಿನ ಶನಿವಾರವೂ ಅದೇ. ಅದರ ಮುಂದಿನದೂ ಅದೇ. ಕೈದಿ ಒಲ್ಲೆ ಎಂದರೆ ಯಾರೂ ಬಲವಂತ ಮಾಡುವಂತಿಲ್ಲ, ಅದು ನಿಯಮ. ಊರಿಗೆ ಹೋಗಿ ಸ್ವಲ್ಪ ದಿನ ಬಿಟ್ಟು ಬನ್ನಿ ಎಂದು ಜಿಪ್ಪಕ್ಕ ಮೆಲ್ಲಗೆ ಹೇಳಿದಾಗ ಆಕೆಯ ಬಾಯಿಂದ ಎಲ್ಲ ಹೊರಬಂತು. ಗಂಡ ಸತ್ತ ಮೇಲೆ ಒಬ್ಬಳೇ ಸಾಕಿದ ಮಕ್ಕಳು ಇಬ್ಬರು, ಮಗಳು ದೊಡ್ಡವಳು, ಮಗ ಚಿಕ್ಕವನು. ಎಲ್ಲರೂ ಮಗಳ ಮನೆಯಲ್ಲೇ ಇದ್ದರು. ಒಂದು ದಿನ ಏನೋ ಮಾತಿಗೆ ಮಾತು ಬೆಳೆದು ಮಗ ಭಾವನನ್ನು ತಳ್ಳಿದ. ಭಾವ ಮೆಟ್ಟಿಲ ಮೇಲಿಂದ ಉರುಳಿ ಬಿದ್ದವನು ಮತ್ತೆ ಏಳಲಿಲ್ಲ.

"ಮಗಳು ಹೇಳಿದ್ಲು, ಅವನ ಮುಖ ನೋಡೋಕೆ ಹೋದ್ರೆ ಮತ್ತೆ ಈ ಹೊಸ್ತಿಲು ತುಳೀಬೇಡ ಅಂತ. ನಾನು ಬಂದುಬಿಟ್ಟೆ" ಎಂದಳು ಆ ತಾಯಿ. "ಅವಳು ಹೇಳಿದ್ದೂ ತಪ್ಪಲ್ಲ ಮಗಳೇ. ಆದ್ರೆ ಇವನನ್ನೂ ನಾನೇ ಹೆತ್ತಿದ್ದಲ್ವಾ?"

ಆ ವಾರವೆಲ್ಲ ಸೂಜಿ ಜಿಪ್ಪಕ್ಕನ ಬೆರಳಿಗೆ ಚುಚ್ಚಿಕೊಳ್ಳುತ್ತಲೇ ಇತ್ತು. ಶನಿವಾರ ಆ ತಾಯಿಯನ್ನು ಮನೆಯಲ್ಲೇ ಬಿಟ್ಟು, ತಾನೇ ರಸ್ತೆ ದಾಟಿ ಹೋದಳು. ಅಷ್ಟು ವರ್ಷ ಆ ಗೇಟನ್ನೇ ನೋಡಿಕೊಂಡು ಬದುಕಿದ್ದರೂ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಗಾಜಿನ ಆಚೆ ಒಂದು ಕುರ್ಚಿ, ಈಚೆ ಒಂದು ಕುರ್ಚಿ, ನಡುವೆ ಮಾತಾಡಲು ಫೋನಿನಂಥದ್ದು. ಯಾರೋ ಗುರುತಿಲ್ಲದ ಹೆಂಗಸು ಎಂದು ಕೇಳಿದ್ದಕ್ಕೋ ಏನೋ, ಅವನು ಬಂದ. ಕೊಂದವನು ಎಂದರೆ ದಾಂಡಿಗನಿರಬೇಕು ಎಂದುಕೊಂಡಿದ್ದಳು. ಬಂದವನು ಬಡಕಲು ಹುಡುಗನಂಥವನು, ಕಿವಿಗಳು ಥೇಟ್ ತಾಯಿಯದೇ.

"ಯಾರು ನೀವು?"

"ಎದುರಿನ ಅಂಗಡಿಯವಳಪ್ಪ. ನಿಮ್ಮಮ್ಮ ನಮ್ಮನೇಲಿದ್ದಾರೆ."

ಅವನು ತಟ್ಟನೆ ಎದ್ದು ನಿಂತ. ಹೋಗಿಬಿಡುತ್ತಾನೆ ಎಂದುಕೊಂಡಳು. ಹೋಗಲಿಲ್ಲ, ಮತ್ತೆ ಕೂತ.

"ಊಟ ಮಾಡ್ತಾಳಾ?"

"ಮಾಡ್ತಾರೆ. ನಮ್ಮತ್ತೆ ಜೊತೆ ರೇಡಿಯೋ ಕೇಳ್ತಾರೆ. ಆದ್ರೆ ಶನಿವಾರ ಬಂತಂದ್ರೆ ಒಂದು ತುತ್ತೂ ಇಳಿಯಲ್ಲ. ಒಂದ್ಸಲ ಮುಖ ತೋರಿಸಬಾರದಾ?"

ಅವನು ತಲೆ ತಗ್ಗಿಸಿದ. ಆಮೇಲೆ, "ಒಂದ್ಸಲ ತೋರಿಸಿದ್ರೆ ಪ್ರತಿ ವಾರ ಬರ್ತಾಳೆ. ನನಗೆ ಇನ್ನೂ ಎಷ್ಟೋ ವರ್ಷ ಇದೆ. ಅಷ್ಟು ದಿನ ಎಲ್ಲಿರ್ತಾಳೆ? ನಿಮ್ಮ ಮನೇಲಾ? ನೀವು ಯಾರು ಅವಳಿಗೆ?" ಎಂದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಅವಳಿಗಿರೋ ಮನೆ ಅಂದ್ರೆ ಅಕ್ಕನದು ಒಂದೇ. ಅಲ್ಲಿಗೆ ಹೋಗಲಿ. ನಾನು ಸತ್ತೆ ಅಂತ ಹೇಳಿಬಿಡಿ."

"ಹಾಗನ್ನೋಕೆ ನನಗೆ ಬಾಯಿ ಬರಲ್ಲಪ್ಪ."

"ಹಾಗಾದ್ರೆ ಬೈದೆ ಅನ್ನಿ. ಬಾಯಿಗೆ ಬಂದಂಗೆ ಬೈದೆ ಅನ್ನಿ. ಆ ಸಿಟ್ಟಿಗಾದ್ರೂ ಹೋಗ್ತಾಳೆ."

ಮನೆಗೆ ಬಂದವಳನ್ನು ಆ ತಾಯಿ ಬಾಗಿಲಲ್ಲೇ ಹಿಡಿದು ನಿಲ್ಲಿಸಿದಳು. ಜಿಪ್ಪಕ್ಕ ಸತ್ಯವನ್ನೇ ಹೇಳಿದಳು, ಅವನು ಅಂದದ್ದಷ್ಟನ್ನೂ. ಆದರೆ ಆಕೆಗೆ ಅದ್ಯಾವುದೂ ಕಿವಿಗೇ ಬಿದ್ದಂತೆ ಕಾಣಲಿಲ್ಲ. "ಸಣ್ಣಗಾಗಿದ್ದಾನಾ? ಕೂದಲು ಕತ್ತರಿಸಿದಾರಾ? ಬೆಚ್ಚಗೆ ಏನಾದ್ರೂ ಹಾಕ್ಕೊಂಡಿದ್ನಾ?" ಎಂದು ಅದನ್ನೇ ತಿರುಗಿ ತಿರುಗಿ ಕೇಳಿದಳು. ಬೂದು ಬಣ್ಣದ ಸ್ವೆಟರು, ಮೊಣಕೈ ಹತ್ತಿರ ಹೆಣಿಗೆ ಬಿಟ್ಟಿತ್ತು ಎಂದು ಜಿಪ್ಪಕ್ಕ ಹೇಳಿದಾಗ ಆಕೆ ಕಣ್ಣು ಮುಚ್ಚಿಕೊಂಡಳು. ಬೆರಳುಗಳು ಮಾತ್ರ ಗಾಳಿಯಲ್ಲೇ ಹೆಣೆಯುವಂತೆ ಆಡುತ್ತಿದ್ದವು.

ಇನ್ನುಳಿದಿದ್ದದ್ದು ಮಗಳು. ಫೋನು ಮಾಡಿದರೆ ಎತ್ತಲಿಲ್ಲ. ಒಂದು ಭಾನುವಾರ ಆರಾಧನೆ ಮುಗಿದದ್ದೇ ಜಿಪ್ಪಕ್ಕ ವಿಳಾಸ ಕೇಳಿಕೊಂಡು ರೈಲು ಹತ್ತಿದಳು. ಹಳೇ ಕಟ್ಟಡ, ಮೇಲಿನ ಮಹಡಿ. ಟ್ಯೂಷನ್ನಿನ ಚೀಲ ಹಿಡಿದ ಪುಟ್ಟ ಹುಡುಗಿಯೊಬ್ಬಳು ಮುಂದೆ ಮೆಟ್ಟಿಲು ಹತ್ತುತ್ತಿದ್ದಳು. ತಿರುವಿನ ಹತ್ತಿರ ಒಂದು ಮೆಟ್ಟಿಲನ್ನು ಮುಟ್ಟದೆ ಹಾರಿ ದಾಟಿದಳು. ಆಟವಾಡುತ್ತಿದೆ ಮಗು ಎಂದು ಜಿಪ್ಪಕ್ಕ ನಕ್ಕಳು. ಆ ಹುಡುಗಿ ಹೋಗಿ ನಿಂತದ್ದು ಜಿಪ್ಪಕ್ಕ ಹುಡುಕುತ್ತಿದ್ದ ಬಾಗಿಲ ಮುಂದೆಯೇ.

ಮಗಳು ಇಸ್ತ್ರಿ ಮಾಡುತ್ತಿದ್ದಳು. ವಿಷಯ ಕೇಳಿದ ಮೇಲೂ ಇಸ್ತ್ರಿ ನಿಲ್ಲಿಸಲಿಲ್ಲ.

"ನಿಮಗೆ ಯಾಕೆ ಈ ಉಸಾಬರಿ?"

"ಅವರು ಬೆಂಚಿನ ಮೇಲೆ ಕೂತಿದ್ರಮ್ಮ. ಚಳಿ ಇತ್ತು. ಹಾಗೇ ಬಿಟ್ಟುಹೋಗೋಕೆ ಆಗಲಿಲ್ಲ. ನಾವು ಚರ್ಚಿಗೆ ಹೋಗೋ ಜನ..."

"ಗೊತ್ತಾಯ್ತು ಬಿಡಿ" ಎಂದು ಮಗಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. "ಕೊಂದವನ ಅಮ್ಮನಿಗೆ ಹಾಸಿಗೆ ಹಾಕಿದ್ರಿ. ಸತ್ತವನ ಮನೆಗೆ ಯಾರು ಬಂದ್ರಿ? ನಮಗೆ ಚಳಿ ಇರಲಿಲ್ವಾ? ನಾನು ದಿನಾ ಆ ಮೆಟ್ಟಿಲು ಇಳಿದೇ ಕೆಲಸಕ್ಕೆ ಹೋಗ್ಬೇಕು. ನನ್ನ ಮಗಳು ಅವರಪ್ಪ ಬಿದ್ದಿದ್ದ ಮೆಟ್ಟಿಲ ಮೇಲೆ ಇವತ್ತಿಗೂ ಕಾಲಿಡಲ್ಲ."

ಮೆಟ್ಟಿಲ ಹತ್ತಿರ ತಾನು ನಕ್ಕದ್ದು ಜಿಪ್ಪಕ್ಕನಿಗೆ ನೆನಪಾಯಿತು. ಮಗಳು ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು, ಆಕೆಯ ಹೆಗಲು ಮುಟ್ಟುವಷ್ಟು ಧೈರ್ಯ ಇವಳಿಗಿರಲಿಲ್ಲ. ಹುಡುಗಿಯ ಚೀಲದ ಜಿಪ್ಪು ಹಲ್ಲು ತಪ್ಪಿ ಬಾಯಿ ಬಿಟ್ಟುಕೊಂಡಿತ್ತು. ಜಿಪ್ಪಕ್ಕ ನೆಲದ ಮೇಲೆ ಕೂತು, ಸದಾ ಜೊತೆಗಿರುವ ಪುಟ್ಟ ಇಕ್ಕಳದಿಂದ ಅದನ್ನು ಸರಿಮಾಡಿದಳು. ಹುಡುಗಿ ಜಿಪ್ಪನ್ನು ಮೇಲೆ ಕೆಳಗೆ ಎಳೆದು ನೋಡಿದಳು. ಆ ಮನೆಯಲ್ಲಿ ಜಿಪ್ಪಕ್ಕನ ಕೈಲಾದದ್ದು ಅಷ್ಟೇ.

ಹೊರಡುವಾಗ ಮಗಳೇ ಬಾಗಿಲವರೆಗೆ ಬಂದಳು. "ಅಮ್ಮ ಬರೋದಾದ್ರೆ ಬರಲಿ. ಆದ್ರೆ ಅವನ ವಿಷಯ ಈ ಮನೇಲಿ ಎತ್ತಕೂಡದು. ಅಲ್ಲಿಗೆ ಮತ್ತೆ ಹೋಗಲೂಬಾರದು. ಎತ್ತಿದ ದಿನವೇ ಹೊರಗೆ. ಇದಕ್ಕಿಂತ ನನ್ನಿಂದ ಆಗಲ್ಲ."

ಆ ಮಾತನ್ನು ಹೊತ್ತು ತಂದು ತಾಯಿಗೆ ಒಪ್ಪಿಸಿದಾಗ ಆಕೆ ಕೆಲವು ದಿನ ರೇಡಿಯೋ ಹತ್ತಿರವೂ ಹೋಗಲಿಲ್ಲ. ಇಲ್ಲೇ ಇದ್ದುಬಿಡಿ ಎಂದು ಜಿಪ್ಪಕ್ಕ ಹೇಳಿದಳು, ಗಂಡನೂ ಹೇಳಿದ. ಕೊನೆಗೆ ಒಂದು ಬೆಳಿಗ್ಗೆ ಆಕೆ ಚೀಲ ಕಟ್ಟಿಕೊಂಡಳು.

"ಅವನು ಚಿಕ್ಕಂದಿನಿಂದ ನನ್ನ ಹತ್ರ ಏನೂ ಕೇಳಿದವನಲ್ಲ ಮಗಳೇ. ಈಗ ಇದೊಂದು ಕೇಳಿದಾನೆ, ಹೋಗು ಅಂತ. ಹೋಗ್ತೀನಿ. ನನ್ನ ಬದಲು ನೀನು ಶನಿವಾರ ಹೋಗಿ ನೋಡ್ಕೊಂಡು ಬರ್ತೀಯಾ?"

"ಹೋಗ್ತೀನಮ್ಮ" ಎಂದಳು ಜಿಪ್ಪಕ್ಕ.

ಅತ್ತೆ ರೂಮಿನಿಂದ ಹೊರಗೆ ಬರಲೇ ಇಲ್ಲ. ಆಮೇಲೆ ಸೊಸೆಯ ಮೇಲೆ ರೇಗಿದಳು: "ಕರ್ಕೊಂಡು ಬಾ ಅಂತ ಯಾರು ಹೇಳಿದ್ರು ನಿನಗೆ? ಕಳಿಸು ಅಂತ ಯಾರು ಹೇಳಿದ್ರು?"

ಮಗಳು ಬಾಗಿಲು ತೆರೆದಳಂತೆ, ಒಳಗೆ ಸೇರಿಸಿಕೊಂಡಳಂತೆ. ಇತ್ತ ಜಿಪ್ಪಕ್ಕ ಕೊಟ್ಟ ಮಾತಿನಂತೆ ಶನಿವಾರ ತನ್ನ ಮೆಷಿನ್ನಿಗೆ ಬಟ್ಟೆ ಮುಚ್ಚಿ ಗೇಟಿಗೆ ಹೋಗುತ್ತಿದ್ದಳು. ಆದರೆ ಆಕೆ ಯಾರ ಕಡೆಯವಳು ಎಂಬುದು ಈಗ ಅವನಿಗೆ ಗೊತ್ತಿತ್ತು. ಇವಳ ಮುಖ ನೋಡಿದರೆ ಸುದ್ದಿ ತಾಯಿಗೆ ಮುಟ್ಟುತ್ತದೆ, ತಾಯಿಯ ಆಸೆ ಮತ್ತೆ ಚಿಗುರುತ್ತದೆ ಎಂಬುದೂ ಗೊತ್ತಿತ್ತು. ಅವನು ಬರಲಿಲ್ಲ. ಹೆಣಿಗೆ ಬಿಟ್ಟ ಸ್ವೆಟರಿಗೆ ಬದಲು ಎಂದು ಜಿಪ್ಪಕ್ಕ ಕಳಿಸಿದ ಹೊಸ ಸ್ವೆಟರನ್ನೂ ಕಾವಲಿನವನು ಹಾಗೇ ವಾಪಸು ತಂದುಕೊಟ್ಟ. "ಬೇಡ ಅಂದ ಅಕ್ಕ. ನಾನೇನು ಮಾಡ್ಲಿ?"

ಒಂದು ದಿನ ಅಂಗಡಿಗೆ ಫೋನು ಬಂತು. ಯಂತ್ರದ ಸದ್ದಿಗೆ ಕೂಗಿ ಮಾತಾಡುತ್ತಿದ್ದ ಆ ತಾಯಿಯ ದನಿ ಈಗ ಪಿಸುಗುಟ್ಟುತ್ತಿತ್ತು.

"ಮೆಟ್ಟಿಲ ಹತ್ರ ಬಂದು ಮಾತಾಡ್ತಿದೀನಿ. ನೋಡಿದ್ಯಾ ಅವನನ್ನ?"

"ಇಲ್ಲಮ್ಮ. ಹೋಗಿದ್ದೆ. ಬರಲಿಲ್ಲ."

"ಆಯ್ತು. ಇಡ್ತೀನಿ. ಮೊಮ್ಮಗಳು ಬಂದ್ಲು."

ಎರಡನೆಯ ಸಲವೂ ಹಾಗೇ ಆದಾಗ ಗಂಡ ಕೀಲಿಕೈ ಉಜ್ಜುವುದನ್ನು ನಿಲ್ಲಿಸಿ ಹೇಳಿದ, "ನೋಡಿದೆ, ಚೆನ್ನಾಗಿದ್ದಾನೆ ಅಂತ ಒಂದು ಮಾತು ಅಂದುಬಿಡೇ. ಆ ಜೀವಕ್ಕೆ ಅಷ್ಟಾದ್ರೂ ಸಿಗಲಿ. ಯಾರಿಗೇನು ನಷ್ಟ?"

"ನಾಳೆ ಅವನಿಗೆ ನಿಜವಾಗ್ಲೂ ಏನಾದ್ರೂ ಆದ್ರೆ? ಆಗ ನನ್ನ ಮಾತಿಗೆ ಏನು ಬೆಲೆ ರೀ?"

ಪಾಸ್ಟರ ಹತ್ತಿರವೂ ಹೋಗಿ ಕೇಳಿದಳು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದರು. "ನನಗೂ ಗೊತ್ತಾಗ್ತಿಲ್ಲಮ್ಮ" ಎಂದರು.

ಈಗಲೂ ಫೋನು ಬರುತ್ತದೆ. ಬಂದಾಗಲೆಲ್ಲ ಜಿಪ್ಪಕ್ಕ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾಳೆ. ಬಿಡುವಾದಾಗ ರೈಲು ಹತ್ತಿ ಮಗಳ ಮನೆಗೂ ಹೋಗಿಬರುತ್ತಾಳೆ. ಮಗಳು ಬಾಗಿಲು ತೆರೆಯುತ್ತಾಳೆ, ಕೂತ್ಕೊಳ್ಳಿ ಎನ್ನುವುದಿಲ್ಲ. ತಾಯಿ ಕಣ್ಣಲ್ಲೇ ಕೇಳುತ್ತಾಳೆ, ಇವಳು ತಲೆ ತಗ್ಗಿಸುತ್ತಾಳೆ. ಮಲಗುವ ಮುನ್ನ ಪ್ರಾರ್ಥನೆಗೆ ಮೊಣಕಾಲೂರಿದರೆ ಮೂವರ ಮುಖಗಳೂ ಒಟ್ಟಿಗೆ ಬರುತ್ತವೆ. ಮಗ ಗಾಜಿನ ಮುಂದೆ ಬರಲಿ ಎಂದು ಬೇಡಿದರೆ, ತಾಯಿ ಅವನನ್ನು ನೋಡಲು ಓಡಿಬಂದು ಇರುವ ಒಂದು ಮನೆಯೂ ತಪ್ಪುತ್ತದೆ. ಬಾರದಿರಲಿ ಎಂದು ಬೇಡಲು ನಾಲಿಗೆ ಏಳುವುದಿಲ್ಲ. ಮಗಳ ಮನಸ್ಸು ಕರಗಲಿ ಎನ್ನಲು ತಾನು ಯಾರು ಎನಿಸುತ್ತದೆ. ಕೊನೆಗೆ ಏನನ್ನೂ ಕೇಳದೆ ಆಮೆನ್ ಎಂದು ಏಳುತ್ತಾಳೆ.