ನಾನು ತೊಳೆದುಕೊಟ್ಟ ಡಬ್ಬ

ಪುಟ್ಟಿ, ಮೊನ್ನೆ ಭಾನುವಾರ ನಿಶಿ ಕಸಾಯಿ ಬಡಾವಣೆಯ ನಮ್ಮ ಈ ಚಿಕ್ಕ ಮನೆಯಲ್ಲಿ ನೀನು ಉಗುರಿನ ಬಣ್ಣ ಅಳಿಸುತ್ತಾ ಕೂತಿದ್ದೆ. ಹತ್ತಿಗೆ ಹಾಕಿದ ಆ ನೀರಿನ ಘಾಟು ಅಡುಗೆಮನೆಗೂ ಬಂತು. ನಾನು ಸೌಟು ಹಿಡಿದು ಹಾಗೇ ನಿಂತುಬಿಟ್ಟೆ. "ಅಜ್ಜೀ, ದೈಜೋಬು?" ಎಂದು ಇಲ್ಲಿಯ ಜಪಾನಿಯಲ್ಲೇ ಕೇಳಿದೆ ನೀನು, ಹುಷಾರಾಗಿದ್ದೀಯಾ ಎಂದು. ಏನೂ ಆಗಿಲ್ಲ ಎಂದು ನಾನು ತಲೆಯಾಡಿಸಿದೆ. ಆಗಿತ್ತು...

ನಿನ್ನ ತಾತ ಯೂನಿವರ್ಸಿಟಿಯ ಜೀಪು ಓಡಿಸುತ್ತಿದ್ದರು. ಒಂದು ಚಳಿಗಾಲ, ಕಛ್‌ನ ಮರಳುಗಾಡಿಗೆ ನೆಲ ಅಗೆದು ನೋಡುವ ತಂಡ ಹೊರಟಾಗ, ಅಡುಗೆಗೆಂದು ನನ್ನನ್ನೂ ಕರೆದೊಯ್ದರು. ಓದುಬರಹ ಹುಟ್ಟುವ ಮೊದಲೇ ಅಲ್ಲಿ ಬಾಳಿದ್ದ ಜನರ ಗುರುತು ಹುಡುಕುವ ಕೆಲಸ. ತಂಡದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ನನಗೆ ಮಾತ್ರ "ಅಕ್ಕ ಅನ್ನು" ಎಂದಿದ್ದರು. ಒಡಹುಟ್ಟಿದವರಿಲ್ಲದ ನನಗೆ ಅಷ್ಟೇ ಸಾಕಾಯಿತು. ಸಂಜೆ ಅವರ ತಲೆಗೆ ಎಣ್ಣೆ ಹಚ್ಚುತ್ತಿದ್ದೆ. ಕೂದಲ ತುಂಬ ಮರಳು.

ಒಂದು ದಿನ ಗುಂಡಿಯಲ್ಲಿ ಹೆಂಗಸೊಬ್ಬಳ ಎಲುಬು ಕಾಣಿಸಿತು. ಮಗ್ಗುಲಾಗಿ ಮಲಗಿದ್ದಳು, ಎದೆಯ ಹತ್ತಿರ ಹಸುಗೂಸು. ಊರಿನ ಹೆಂಗಸರು ಬಂದು ಗುಂಡಿಯ ಸುತ್ತ ಕೂತುಬಿಟ್ಟರು. ತಾಯಿ-ಮಗುವನ್ನು ಎಬ್ಬಿಸಬೇಡಿ ಎಂದರು. ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ಫೋಟೊ ತೆಗೆದು, ಅಳತೆ ತಗೊಂಡು, ಹಾಗೇ ಮಣ್ಣು ಹಾಕ್ತೀವಿ. ನೀನು ಹೇಳು ತಂಗಿ, ನಿನ್ನ ಮಾತು ಕೇಳ್ತಾರೆ" ಎಂದರು. ದಿನವೂ ಬಾವಿಕಟ್ಟೆಯಲ್ಲಿ ಆ ಹೆಂಗಸರ ಜೊತೆ ಮಾತಾಡಿ ನನಗೆ ಅವರ ಮಾತು ಹರಕುಮುರುಕಾಗಿ ಬಂದಿತ್ತು. ನಾಲ್ಕು ಜನರೆದುರು ಬಾಯಿ ಬಿಡದ ನಾನು ಅವತ್ತು ನಿಂತು ಹೇಳಿದೆ. ಅವರಲ್ಲಿ ಹಿರಿಯಳು, "ನೀನು ಹೇಳ್ತಿದ್ದೀಯಲ್ಲ ಮಗಳೇ, ಆಯ್ತು" ಎಂದು ಎದ್ದಳು.

ಮರುದಿನ ಅಕ್ಕ ಒಂದು ಖಾಲಿ ಡಬ್ಬ ಕೇಳಿದರು. ಬಿಸ್ಕತ್ತಿನ ಡಬ್ಬ ತೊಳೆದು, ಬಿಸಿಲಿಗೆ ಒಣಗಿಸಿ ಕೊಟ್ಟೆ. ಮಧ್ಯಾಹ್ನ ಚಹಾ ಒಯ್ದಾಗ ಗುಂಡಿಯಿಂದ ನಿನ್ನ ಉಗುರಿನ ನೀರಿನ ಇದೇ ಘಾಟು ಬರುತ್ತಿತ್ತು. ಬ್ರಷ್ಷಿನಿಂದ ಎಲುಬಿಗೆ ಏನೋ ಬಳಿಯುತ್ತಿದ್ದರು. ಪುಡಿಯಾಗದಂತೆ ಮೇಲೆತ್ತುವುದಕ್ಕೆ ಬಳಿಯುವ ಅಂಟು ಅದು ಎಂದು ತಾತ ಆಮೇಲೆ ಹೇಳಿದರು. ಸಂಜೆಗೆ ತಾಯಿ ಉದ್ದನೆಯ ಪೆಟ್ಟಿಗೆಯಲ್ಲಿದ್ದಳು. ಮಗು ನನ್ನ ಡಬ್ಬದಲ್ಲಿ, ಹತ್ತಿಯ ಮೇಲೆ.

"ಅಕ್ಕಾ, ಮಣ್ಣು ಹಾಕ್ತೀವಿ ಅಂದಿದ್ರಲ್ಲ..."

"ಏನೇ ತಂಗಿ, ಎಲುಬಿಗೂ ಅಳ್ತಾರಾ?" ಎಂದು ನಕ್ಕರು. ಆಮೇಲೆ ಮೆಲ್ಲಗೆ, "ನಾನು ಹೇಳಿದ್ರೆ ಅವರು ನಂಬ್ತಿರಲಿಲ್ಲ. ಅದಕ್ಕೇ ನಿನ್ನ ಕಳಿಸಿದ್ದು."

ಬಾವಿಯ ಹತ್ತಿರ ತುಂಬಿದ ಕೊಡವನ್ನು ಯಾವಾಗಲೂ ಯಾರಾದರೊಬ್ಬರು ನನ್ನ ತಲೆಗೆ ಎತ್ತಿಡುತ್ತಿದ್ದರು. ಮರುದಿನ ಯಾರೂ ಬರಲಿಲ್ಲ. ಬೈಯಲೂ ಇಲ್ಲ. ಆ ಹಿರಿಯಳು ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ಕೊಡವನ್ನು ಸೊಂಟದಲ್ಲಿಟ್ಟುಕೊಂಡು ಬಂದೆ. ಅಕ್ಕನ ತಲೆಗೆ ಮತ್ತೆ ಎಣ್ಣೆ ಹಚ್ಚಲಿಲ್ಲ.

ಅಕ್ಕ ತೀರಿಕೊಂಡ ಸುದ್ದಿ ತಂದ ನಿನ್ನ ತಾತನೂ ಈಗಿಲ್ಲ. ಸುದ್ದಿ ಕೇಳಿದ ದಿನ ನಾನು ಅತ್ತುಬಿಟ್ಟೆ, ನನಗೇ ಆಶ್ಚರ್ಯವಾಯಿತು. ಆ ತಾಯಿ-ಮಗು ಯೂನಿವರ್ಸಿಟಿಯ ಒಂದೇ ಕಪಾಟಿನಲ್ಲಿದ್ದಾರೋ, ಬೇರೆ ಬೇರೆಯೋ... ಕೇಳೋಣವೆಂದರೆ ಯಾರೂ ಉಳಿದಿಲ್ಲ.

ಮೊನ್ನೆ ನಿನ್ನ ಬಣ್ಣದ ಸೀಸೆಗಳನ್ನಿಡಲು ನೀನು ಅಕ್ಕಿ ಬಿಸ್ಕತ್ತಿನ ಒಂದು ಖಾಲಿ ಸೆಂಬೇ ಡಬ್ಬ ಕೇಳಿದೆ. ಶೆಲ್ಫಿನ ತುಂಬ ಇದ್ದರೂ ನಾನು ಕೊಡಲಿಲ್ಲ. ಅಜ್ಜಿ ಜಿಪುಣಿ ಎಂದು ನೀನು ಮುನಿಸಿಕೊಂಡೆ. ಬಾ, ಬೇಕಾದ್ದನ್ನು ತೆಗೆದುಕೋ. ಇನ್ನು ಮುಂದೆ ಡಬ್ಬ ಕೇಳುವಾಗ, ಏನಕ್ಕೆ ಎಂದು ಮಾತ್ರ ಮೊದಲೇ ಹೇಳು.