ನಡುವಿನ ಸಾಲು

ಮೈಲಾರವ್ವನ ಮೇಲೆ ಕಳವಿನ ಮಾತು ಬಂದದ್ದು ಬಿತ್ತನೆಯಾದ ಎಂಟನೆಯ ದಿನ. ಜೋಳ ಮೊಳೆತು ಸಾಲು ಎದ್ದು ಕಾಣುವುದಕ್ಕೆ ಅಷ್ಟು ದಿನ ಬೇಕಾಯಿತು.

ಹೊಲ ಸಿದ್ದರಾಮನದು. ನವಲಗುಂದದ ರಸ್ತೆಗೆ ಹತ್ತಿದ ಎರಡು ಎಕರೆ ಎರೆಭೂಮಿ. ಅರ್ಧ ಹೊಲದವರೆಗೆ ಸಾಲುಗಳು ಒಂದೂ ತಪ್ಪದೆ ಚೆನ್ನಾಗಿದ್ದವು. ಅಲ್ಲಿಂದಾಚೆ ಪ್ರತಿ ಮೂರು ಸಾಲಿನಲ್ಲಿ ನಡುವಿನದು ಬರಿದು. ಬಸ್ಸಿನಲ್ಲಿ ಕೂತವರಿಗೂ ಕಾಣುವಂತಿತ್ತು.

ಈಗ ನಮ್ಮ ಕಡೆ ಬಹಳ ಹೊಲಗಳಿಗೆ ಟ್ರ್ಯಾಕ್ಟರ್ ಬಂದಿದೆ. ಸಣ್ಣ ಹೊಲದವರು ಕೆಲವರು ಮಾತ್ರ ಎತ್ತು ಹೂಡಿ ಮೂರು ತಾಳಿನ ಕೂರಿಗೆಯಲ್ಲೇ ಬಿತ್ತುತ್ತಾರೆ. ಕೂರಿಗೆಯ ಮೇಲೆ ಒಂದು ಮರದ ಬಟ್ಟಲು, ಬಟ್ಟಲಿನ ತಳಕ್ಕೆ ಮೂರು ತೂತು, ಒಂದೊಂದು ತೂತಿನಿಂದ ಒಂದೊಂದು ಬಿದಿರಿನ ಕೊಳವೆ ಮಣ್ಣಿಗೆ ಇಳಿಯುತ್ತದೆ. ಹಿಂದೆ ನಡೆಯುವ ಹೆಂಗಸು ಉಡಿಯಲ್ಲಿ ಕಾಳು ಕಟ್ಟಿಕೊಂಡು ಮುಷ್ಟಿಯಿಂದ ಬಟ್ಟಲಿಗೆ ಬಿಡುತ್ತ ಹೋಗಬೇಕು. ಬಟ್ಟಲನ್ನೇ ನೋಡುತ್ತ ನಡೆದರೆ ಹೆಂಟೆಗೆ ಎಡವುತ್ತಾಳೆ. ಆದ್ದರಿಂದ ನೋಡುವ ಕೆಲಸ ಬೆರಳಿನದು. ಕೊಳವೆಯ ಬಾಯಿಗೆ ಹಸಿಮಣ್ಣು ಮೆತ್ತಿ ಕಾಳು ಇಳಿಯದಿದ್ದರೆ ಆ ತೂತಿನ ಮೇಲೆ ಕಾಳು ನಿಲ್ಲುತ್ತದೆ, ಬೆರಳಿಗೆ ತಾಕುತ್ತದೆ. ಕೂಡಲೇ ಎತ್ತು ನಿಲ್ಲಿಸಬೇಕು. ನಲವತ್ತು ವರ್ಷ ಈ ಕೆಲಸ ಮಾಡಿದ ಮೈಲಾರವ್ವನನ್ನು ಹಿಂಗಾರಿ ಬಿತ್ತನೆಗೆ ಒಂದು ತಿಂಗಳು ಮುಂಚೆಯೇ ಗೊತ್ತು ಮಾಡಿಕೊಳ್ಳುತ್ತಿದ್ದರು.

ಬಿತ್ತನೆ ಮುಗಿದಾಗ ಉಡಿಯಲ್ಲಿ ಉಳಿದ ಕಾಳು ಬಿತ್ತಿದವಳಿಗೆ ಸೇರುವುದು ಇಲ್ಲಿಯ ರೂಢಿ. ಸಾಮಾನ್ಯವಾಗಿ ಒಂದು ಬೊಗಸೆ ಉಳಿಯುತ್ತದೆ. ಆ ದಿನ ಎರಡು ಸೇರು ಉಳಿದಿತ್ತು. ಸಿದ್ದರಾಮನ ಹೆಂಡತಿ ರೇಣುಕವ್ವ ಕೈ ಸಡಿಲ ಬಿಟ್ಟು ಅಳೆದಿದ್ದಾಳೆಂದು ಮೈಲಾರವ್ವ ತಿಳಿದಳು, ಮನೆಗೆ ಒಯ್ದಳು. ಸಾಲುಗಳು ಮೇಲೆದ್ದು ಜನ ಲೆಕ್ಕ ಕೇಳುವ ಹೊತ್ತಿಗೆ ಅದು ರೊಟ್ಟಿಯಾಗಿ ಮುಗಿದುಹೋಗಿತ್ತು.

"ನಡುವಿನ ಸಾಲ ಎಲ್ಲೂ ಹೋಗಿಲ್ಲ, ಆಕಿ ಮನ್ಯಾಗ ಹುಟ್ಟೇತಿ" ಎಂದು ಸಿದ್ದರಾಮ ಚಹಾದಂಗಡಿಯಲ್ಲಿ ಹೇಳಿದ. ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಅದಕ್ಕೆ ತಮ್ಮದೊಂದು ಸೇರಿಸಿದರು: ಮೈಲಾರವ್ವನ ಉಡಿ ಭಾಳ ಆಳ ಐತಿ.

ಮೊದಲ ದಿನ ಅವಳು ಬೈದಳು. ಗಿರಣಿಯ ಮುಂದೆ ನಿಂತು ಒಬ್ಬೊಬ್ಬರ ಮನೆತನ ಎತ್ತಿ ಬೈದಳು. ಕಳ್ಳಿಯಲ್ಲದಿದ್ದರೆ ಇಷ್ಟು ಸಿಟ್ಟು ಯಾಕೆ ಎಂದರು ಜನ. ಮರುದಿನ ಸುಮ್ಮನಿದ್ದಳು. ಬಾಯಿ ಮುಚ್ಚಿದ್ದಾಳೆ, ನಿಜವೇ ಇರಬೇಕು ಎಂದರು. ಮೂರನೆಯ ದಿನ ಎತ್ತು ಹೊಡೆದಿದ್ದ ಯಲ್ಲೇಶನ ಮನೆಗೆ ಹೋದಳು. ಹಸಿ ಇದ್ದ ಮೂಲೆಯಲ್ಲಿ ಕೂರಿಗೆ ತಿರುಗಿಸಿದಾಗ ಕೊಳವೆಗೆ ಮಣ್ಣು ಮೆತ್ತಿರಬೇಕು, ಅಷ್ಟು ಹೇಳಿದರೆ ಸಾಕು ಎಂದು ಕೇಳಿಕೊಂಡಳು. ಕೂರಿಗೆಯನ್ನು ಎತ್ತಿ ತಿರುಗಿಸಬೇಕಾದವನು ಅವನೇ.

"ನಾ ಎತ್ತುಗಳ್ನ ನೋಡಾಕತ್ತಿದ್ದೆ, ದೊಡ್ಡವ್ವ. ಬಟ್ಟಲ ನಿನ್ನ ಕೈಯಾಗಿತ್ತು" ಎಂದ ಅವನು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ನಾಲ್ಕನೆಯ ದಿನ ಅವಳು ಮಾಡಿದ ಕೆಲಸವನ್ನು ನಾನು ರಸ್ತೆಯಿಂದಲೇ ಕಂಡೆ. ಮನೆಯ ಜೋಳ ಸೆರಗಿಗೆ ಕಟ್ಟಿಕೊಂಡು, ಒಂದು ಗೂಟ ಹಿಡಿದು, ಬರಿದಾದ ಸಾಲಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ತೂತು ಮಾಡಿ ಕಾಳು ಹಾಕುತ್ತಿದ್ದಳು. ಮೇಲಿನ ಮಣ್ಣು ಆಗಲೇ ಒಣಗಿ ಬಿರುಕು ಬಿಟ್ಟಿತ್ತು. ಅಲ್ಲಿ ಏನೂ ಹುಟ್ಟುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ತಿಳಿದವರು ಊರಲ್ಲಿರಲಿಲ್ಲ. ಮೂರು ಸಾಲು ಮುಗಿಸುವಷ್ಟರಲ್ಲಿ ಸಿದ್ದರಾಮ ಬಂದು ಎಬ್ಬಿಸಿ ಕಳಿಸಿದ. ಕದ್ದದ್ದನ್ನು ತಿರುಗಿ ಹಾಕಲು ಬಂದಿದ್ದಳು ಎಂದು ಸಂಜೆಗೆ ಊರೆಲ್ಲ ಮಾತಾಯಿತು.

ಇಷ್ಟಕ್ಕೆ ನಿಂತಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. ಆದರೆ ಮಾರನೆಯ ದಿನ ಸೊಸೆ ಮಂಜುಳಾ ಕಳೆ ತೆಗೆಯಲು ಹೋದಾಗ ಹೊಲದವರು ಬದುವಿನ ಮೇಲೆಯೇ ತಡೆದು, ಇನ್ನು ಬರಬೇಡ ಎಂದರು. ಕಾರಣ ಹೇಳಲಿಲ್ಲ. ಆ ಮನೆ ನಡೆಯುತ್ತಿದ್ದದ್ದು ಈ ಇಬ್ಬರ ಕೂಲಿಯಿಂದ.

ಮರುದಿನ ಬೆಳಿಗ್ಗೆ ಮೈಲಾರವ್ವ ಸಿದ್ದರಾಮನ ಮನೆಗೆ ಬಂದಳು. ರೇಣುಕವ್ವ ನನ್ನ ತಂಗಿಯ ಮಗಳು, ನಾನು ಆಗ ಅಲ್ಲಿಯೇ ಇದ್ದೆ. ಕಟ್ಟೆಯ ಮೇಲೆ ಇನ್ನೂ ನಾಲ್ಕು ಜನ ಕೂತಿದ್ದರು. ಮೈಲಾರವ್ವ ಕಟ್ಟೆ ಹತ್ತಲಿಲ್ಲ. ಅಂಗಳದಲ್ಲಿ ಕೂತು, ಒಂದು ಹಿಡಿ ಜೋಳ ತರಲು ರೇಣುಕವ್ವನಿಗೆ ಹೇಳಿದಳು. ಬಲಗೈಯ ಬೆರಳು ಜೋಡಿಸಿ ಮುಂದೆ ಚಾಚಿದಳು. ಬೆರಳತುದಿಗಳಲ್ಲಿ ಸುಟ್ಟ ಕಲೆಗಳಿದ್ದವು, ಹಳೆಯವು ಕೆಲವು, ಹೊಸವು ಕೆಲವು. ಹಂಚಿನ ಮೇಲೆ ರೊಟ್ಟಿ ತಿರುವುವ ಹೆಂಗಸಿನ ಕೈಯಲ್ಲಿ ಅಂಥ ಕಲೆಗಳನ್ನು ಯಾರೂ ಎರಡನೆಯ ಸಲ ನೋಡುವುದಿಲ್ಲ.

"ಕಣ್ಣ ಮುಚ್ಚತೀನಿ. ಬೆರಳ ಮ್ಯಾಲ ಒಂದೊಂದ ಕಾಳ ಇಡು, ತಂಗಿ. ಇಟ್ಟಕೂಡಲೇ ನಾ ಹೇಳ್ತೀನಿ."

ರೇಣುಕವ್ವ ಗಂಡನ ಮುಖ ನೋಡಿದಳು. ಒಂದು ಕಾಳು ಇಟ್ಟಳು. ಮೈಲಾರವ್ವ ಕಾಯುತ್ತಿದ್ದಳು. ಇನ್ನೊಂದು ಇಟ್ಟಳು. ಮತ್ತೊಂದು. ಕಟ್ಟೆಯ ಮೇಲಿದ್ದವರು ಬಗ್ಗಿ ನೋಡಿದರು.

"ಇಡು" ಎಂದಳು ಮೈಲಾರವ್ವ.

"ಇಟ್ಟೀನಿ, ಯವ್ವ."

"ಎಷ್ಟ?"

"ಐದು."

ಅವಳು ಕಣ್ಣು ತೆರೆದು ಎಣಿಸಿದಳು. ಐದೇ ಇದ್ದವು. ಅವನ್ನು ಎಡಗೈಯಿಂದ ತೆಗೆದು ರೇಣುಕವ್ವನ ಕೈಗೆ ತಿರುಗಿ ಹಾಕಿದಳು.

"ಕದ್ದಿಲ್ಲ. ಗೊತ್ತಾಗಲಿಲ್ಲ. ಸಕ್ಕರಿ ಬ್ಯಾನಿಗೆ ಬೆರಳ ಸತ್ತಾವು."

ಯಾವಾಗಿನಿಂದ ಎಂದು ಸಿದ್ದರಾಮ ಕೇಳಿದ. ಮೂರು ವರ್ಷವಾಯಿತು ಎಂದಳು.

"ಮೊದಲ ಹೇಳಬಾರದಿತ್ತೇನಬೇ?"

"ಹೇಳಿದ್ರ ಕರೀತಿದ್ದೇನು?"

ಅವಳು ನೆಲಕ್ಕೆ ಕೈಯೂರಿ ಎದ್ದು ಹೋದಳು.

ಕಳವಿನ ಮಾತು ಅಂದೇ ನಿಂತಿತು. ಎರಡು ದಿನದಲ್ಲಿ ಮಂಜುಳಾಗೆ ಕಳೆ ತೆಗೆಯಲು ಕರೆ ಬಂತು. ಮೈಲಾರವ್ವ ಬೇಡಿ ಬಂದದ್ದು ಇದನ್ನೇ, ಅದು ಸಿಕ್ಕಿತು. ಆದರೆ ಅವಳು ಹೇಳಿದ ಮೂರು ವರ್ಷವನ್ನು ಜನ ಮರೆಯಲಿಲ್ಲ. ಹಿಂದಿನ ವರ್ಷ ಕಡಲೆ ತೆಳ್ಳಗೆ ಎದ್ದವರು, ಅದರ ಹಿಂದಿನ ವರ್ಷ ಕುಸುಬೆ ಕೈಕೊಟ್ಟವರು, ಎಲ್ಲರಿಗೂ ಈಗ ಕಾರಣ ಸಿಕ್ಕಿತು. ಆ ಎರಡು ವರ್ಷ ಮಳೆ ಹೇಗಿತ್ತೆಂದು ಯಾರೂ ನೆನೆಯಲಿಲ್ಲ. ಯಲ್ಲೇಶ ತಾನು ಆಗಲೇ ಅನುಮಾನಪಟ್ಟಿದ್ದೆನೆಂದು ಹೇಳಿಕೊಂಡು ತಿರುಗಿದ. ಒಂದೆರಡು ಕಡೆ ನಾನು ಎದುರು ಮಾತಾಡಿದೆ. ಓದಿದವರು ನೀವು, ಒಕ್ಕಲುತನ ನಿಮಗೇನು ಗೊತ್ತು ಎಂದರು.

ಕಳ್ಳಿಯೆಂದು ಬೈದಾಗ ಜಗಳಕ್ಕೆ ನಿಂತವಳು ಈ ಮಾತುಗಳಿಗೆ ಒಂದಕ್ಕೂ ಉತ್ತರ ಕೊಡಲಿಲ್ಲ. ಕೊಡಬಹುದಾಗಿದ್ದ ಉತ್ತರ ಅವಳಲ್ಲಿ ಒಂದೇ ಇತ್ತು, ಅದನ್ನು ಕೊಟ್ಟಾಗಿತ್ತು.

ಈ ವರ್ಷದ ಹಿಂಗಾರಿಗೆ ಅವಳನ್ನು ಯಾರೂ ಕರೆಯಲಿಲ್ಲ. ಸಿದ್ದರಾಮ ಟ್ರ್ಯಾಕ್ಟರ್ ಗೊತ್ತು ಮಾಡಿದ. ಬಿತ್ತಿದ ದಿನ ಸಂಜೆ ರೇಣುಕವ್ವ ಮಂಜುಳಾಳ ಕೈಯಲ್ಲಿ ಒಂದು ಬೊಗಸೆ ಬಿತ್ತನೆ ಜೋಳ ಕಳಿಸಿದಳು, ಅತ್ತೆಯ ಉಡಿಗೆ ಎಂದು. ಮೈಲಾರವ್ವ ಅದನ್ನು ಮುಟ್ಟಲಿಲ್ಲ.

"ಬಿತ್ತದ ಕೈಗೆ ಉಡಿ ಯಾಕ? ತಿರುಗಿ ಕೊಟ್ಟ ಬಾ."

ಮಂಜುಳಾ ಹೋಗಲಿಲ್ಲ. ಮನೆಯಲ್ಲಿ ಜೋಳ ಮುಗಿಯುತ್ತ ಬಂದಿತ್ತು. ಅದನ್ನೂ ಕೂಡಿಸಿ ಬೀಸಿಸಿಕೊಂಡು ಬಂದು ರೊಟ್ಟಿ ಬಡಿದಳು. ಅತ್ತೆಯನ್ನು ಅವಳು ಈಗ ಹಂಚಿನ ಹತ್ತಿರ ಬಿಡುವುದಿಲ್ಲ. ಮೈಲಾರವ್ವ ಗೋಡೆಗೆ ಒರಗಿ ಕೂತು, ತಟ್ಟೆಗೆ ಬಂದ ರೊಟ್ಟಿಯನ್ನು ಬಿಸಿಯಿದೆಯೋ ಆರಿದೆಯೋ ತಿಳಿಯದೆ ಮುರಿದು ತಿಂದಳು.